ತಟ್ಟೆಗೆ ಬಂದ ತತ್ತಿ ಮಗುವಿನ ಹೊಟ್ಟೆ ಸೇರಿತೇ? ಅಂಗನವಾಡಿಗೆ ಫೋಟೋ ಒಂದೇ ಸಾಕ್ಷಿಯಲ್ಲ

ಇಟಗಿ: 2024ರ ಆಗಸ್ಟ್‌ನಲ್ಲಿ ನಮ್ಮದೇ ಕೊಪ್ಪಳ ಜಿಲ್ಲೆಯ ಗುಂಡೂರಿನ ವಿಡಿಯೋ ರಾಜ್ಯವೆಲ್ಲ ಹರಿದಾಡಿತು. ಅಂಗನವಾಡಿ ಮಕ್ಕಳ ತಟ್ಟೆಗೆ ಮೊಟ್ಟೆ ಇಟ್ಟು, ಚಿತ್ರ ತೆಗೆದುಕೊಂಡು, ಮಕ್ಕಳು ತಿನ್ನುವ ಮೊದಲೇ ಎತ್ತಿಕೊಂಡಿದ್ದರು. ಕಾರ್ಯಕರ್ತೆ, ಸಹಾಯಕಿ ಅಮಾನತಾದರು. ಸುದ್ದಿ ಅಲ್ಲಿಗೆ ಮುಗಿಯಿತು, ಪ್ರಶ್ನೆ ಮುಗಿದಿಲ್ಲ.

ಆ ವಿಡಿಯೋ ಹೊರಗೆ ಬರದೇ ಇದ್ದಿದ್ದರೆ? ದಾಖಲೆಯಲ್ಲಿ ಎಲ್ಲವೂ ಸರಿಯಾಗೇ ಇರುತ್ತಿತ್ತು. ಈಗ ಹಾಜರಿ, ತೂಕ, ಊಟ ಎಲ್ಲವೂ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹೋಗುತ್ತದೆ. ಆ್ಯಪ್ ಲೆಕ್ಕ ಇಡುತ್ತದೆ, ಮಗು ಉಂಡಿತೋ ಇಲ್ಲವೋ ನೋಡುವುದಿಲ್ಲ.

ಹಾಗಂತ ಅಕ್ಕೋರ ಮೇಲಷ್ಟೇ ಬೆರಳು ಮಾಡುವುದು ಸುಲಭ. ಅಡುಗೆ, ಪಾಠ, ಸರ್ವೆ, ಚುನಾವಣೆ ಕೆಲಸ ಎಲ್ಲವೂ ಅವರ ತಲೆ ಮೇಲೆ. ಮೊಟ್ಟೆ ರೇಟ್ ಏರಿದಾಗ ಸರ್ಕಾರದ ದುಡ್ಡು ಸಾಲದು, ಸಮಯಕ್ಕೂ ಬರುವುದಿಲ್ಲ ಎಂಬುದು ಅವರ ಹಳೇ ದೂರು. ಅಂಗಡಿಯಲ್ಲಿ ಉದ್ರಿ ಬರೆಸಿ ನಡೆಸುವ ಯೋಜನೆ ಎಷ್ಟು ದಿನ ಗಟ್ಟಿಯಾಗಿ ನಿಂತೀತು?

ಇದು ದಯೆಯ ಊಟ ಅಲ್ಲ. 6 ತಿಂಗಳಿಂದ 6 ವರ್ಷದ ಮಕ್ಕಳಿಗೆ ಪೌಷ್ಟಿಕ ಆಹಾರ 2013ರ ಆಹಾರ ಭದ್ರತಾ ಕಾಯ್ದೆ ಕೊಟ್ಟ ಹಕ್ಕು. ಯೋಜನೆ ಹೇಗೆ ನಡೆದಿದೆ ಎಂದು ಊರ ಮಟ್ಟದಲ್ಲೇ ಸಾಮಾಜಿಕ ಪರಿಶೋಧನೆ ಆಗಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ.

ಹಾಗಾದರೆ ಇಟಗಿಯಂಥ ಊರಲ್ಲಿ ನಾವು ನೋಡಬೇಕಾದ್ದೇನು? ಊಟದ ಹೊತ್ತಿಗೆ ಒಮ್ಮೆ ಹೋಗಿ ಬನ್ನಿ. ಕುಡಿಯುವ ನೀರು ಮುಚ್ಚಿಟ್ಟಿದ್ದಾರಾ? ಗ್ಯಾಸ್ ಸಿಲಿಂಡರ್ ಮಕ್ಕಳ ಕೈಗೆ ಎಟುಕದಂತಿದೆಯಾ? ಮಳೆಗೆ ಚಾವಣಿ ಸೋರುತ್ತದಾ? ಕಾಳು-ಬೇಳೆಯಲ್ಲಿ ಹುಳ ಇದೆಯಾ? ತೂಕದ ಯಂತ್ರ ಕೆಲಸ ಮಾಡುತ್ತದಾ? ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ತಡ ಮಾಡದೆ ಆಸ್ಪತ್ರೆಗೆ ತೋರಿಸಬೇಕು.

ಕೊರತೆ ಕಂಡರೆ ಜಗಳ ಬೇಡ. ಬಾಲವಿಕಾಸ ಸಮಿತಿಯಲ್ಲಿ ಕೇಳಿ, ಗ್ರಾಮಸಭೆಯಲ್ಲಿ ಬರೆಸಿ, ಸಿಡಿಪಿಒ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಗುವಿಗೆ ಅಪಾಯ ಅನಿಸಿದರೆ 1098ಕ್ಕೆ ಕರೆ ಮಾಡಿ.

ಎಲ್ಲಕ್ಕಿಂತ ಸುಲಭದ ತಪಾಸಣೆ ಮನೆಯಲ್ಲೇ ಇದೆ. ಸಂಜೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, 'ಇವತ್ತ ತತ್ತಿ ತಿಂದ್ಯೇನವ್ವಾ?' ಅಂತ ಕೇಳಿ. ಮೂರು ವರ್ಷದ ಕೂಸಿಗೆ ಸುಳ್ಳು ದಾಖಲೆ ಬರೆಯಲು ಬರುವುದಿಲ್ಲ.