ಶಕ್ತಿಮಾನ್ ಲಾರಿಗೆ ಸುಳ್ಳು ಯುದ್ಧ ಕಟ್ಟಬ್ಯಾಡ್ರಿ

(1/3)
ದೋಸ್ತರ, ಹಳೆ ಮಿಲಿಟರಿ ಲಾರಿ ಮುಂದ ನಿಂತು ರೀಲ್ ಮಾಡೋದು ಈಗ ಬೈಲಹೊಂಗಲದಿಂದ ರಾಮದುರ್ಗದವರೆಗೂ ನಡದೈತಿ. ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕೆಳಗ ಬರಿಯೋದು ಏನು? "1965ರ ಯುದ್ಧದಾಗ ಪಾಕಿಸ್ತಾನದಿಂದ ಹಿಡಕೊಂಡು ಬಂದ ಗಾಡಿ." ಇನ್ನೊಬ್ಬ ಅದನ್ನ 1971 ಮಾಡ್ತಾನ. ಮೂರನೇದವ ಕಾರ್ಗಿಲ್ ಅಂತಾನ. ಒಂದ ಗಾಡಿ, ಮೂರು ಯುದ್ಧ! ಒಬ್ಬರೂ ಬಗ್ಗಿ ಚಾಸಿ ನಂಬರ್ ನೋಡಿಲ್ಲ.

ಕಿತ್ತೂರಿನ 1824ನ್ನ ಯಾರಾದ್ರೂ 1842 ಅಂತ ಬರದ್ರ ಕಾಮೆಂಟಿನಾಗ ಜಗಳಕ್ಕ ನಿಲ್ತೀವಿ. ಚೆನ್ನಮ್ಮನ ಸಮಾಧಿ ಇರೋ ಊರಿನವರು, ನಿಲ್ಲಬೇಕು. ಲಾರಿ ವಿಷಯಕ್ಕ ಬಂದ್ರ ಮಾತ್ರ ಏನ್ ಬರದ್ರೂ ನಡೀತೈತಿ.

(2/3)
ರೀಲ್‌ನಾಗ ನೀವು ತೋರಸೋ ಗಾಡಿ ಹೆಚ್ಚಾಗಿ ಶಕ್ತಿಮಾನ್. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸ್ ಪಡೆದು 1959ರಿಂದ ಜಬಲಪುರದಲ್ಲಿ ತಯಾರಿಸಿದ್ದು. ಆಗ ಕೃಷ್ಣ ಮೆನನ್ ರಕ್ಷಣಾ ಮಂತ್ರಿ. ಮೊದಲು ಗನ್ ಕ್ಯಾರೇಜ್ ಫ್ಯಾಕ್ಟರಿ, ಆಮೇಲೆ ವೆಹಿಕಲ್ ಫ್ಯಾಕ್ಟರಿ. 1996ರ ತನಕ ತಯಾರಾಯ್ತು. ಜಬಲಪುರದ ಗಾಡೀನ ಪಾಕಿಸ್ತಾನದಿಂದ ಹಿಡಕೊಂಡು ಬಂದ್ವಿ ಅಂದ್ರ ಏನ್ ಹೇಳ್ಲಿ? ಎರಡನೇ ಮಹಾಯುದ್ಧದ ಕೆನಡಾ ಲಾರಿ ನೋಡಬೇಕಂದ್ರ ಅದರ ಮುಖಾನ ಬ್ಯಾರೆ: ಮೂತಿ ಚಪ್ಪಟೆ, ಕೊನೆಯ ಮಾದರಿಯಲ್ಲಿ ಮುಂದಿನ ಗಾಜಿನ ಮೇಲ್ತುದಿ ಮುಂದಕ್ಕ ಬಾಗಿರ್ತೈತಿ.

ಸೈನ್ಯದ ನಂಬರಿನಾಗ ಮೇಲ್ಮುಖ ಬಾಣ ಇರ್ತೈತಿ. ಅದರ ನಂತರದ ಎರಡು ಅಂಕಿ, ಸೈನ್ಯ ಆ ಗಾಡಿ ತಗೊಂಡ ವರ್ಷ. ಅಲ್ಲಿ 84 ಅಂತ ಇದ್ರ ಅದು 1971ರಾಗ ಹೆಂಗ ಓಡಿತು? ಹರಾಜಾದ ಮ್ಯಾಲ ಆ ಪ್ಲೇಟ್ ಹೋಗಿ ಕೆಎ 24 ಬರ್ತೈತಿ, ಖರೆ. ಆದರೂ ಫ್ರೇಮಿಗೆ ಪಂಚ್ ಮಾಡಿದ ಚಾಸಿ ನಂಬರ್ ಐತಿ, ಎಂಜಿನ್ ನಂಬರ್ ಐತಿ, ಕ್ಯಾಬಿನ್ ಒಳಗಿನ ತಗಡಿನ ಪ್ಲೇಟ್ ಐತಿ. ಆರ್‌ಸಿ ಜೋಡಿ ಹೊಂದಿಸಿ ನೋಡ್ರಿ. ಬಾಗಿಲ ಸಂದ್ಯಾಗ, ಸೀಟಿನ ಬುಡದಾಗ ಹಳೆ ಹಸಿರು ಬಣ್ಣ ಸಿಗ್ತೈತಿ. ದಯವಿಟ್ಟು ಗ್ರೈಂಡರ್ ಹಚ್ಚಬ್ಯಾಡ್ರಿ, "ಹೊಳಪು ಬರ್ಲಿ" ಅಂತ ಅಳಿಸಿದ ಅಂಕಿ ವಾಪಸ್ ಬರಂಗಿಲ್ಲ.

ಜಬಲಪುರದ ಆ ಫ್ಯಾಕ್ಟರಿ 2021ರ ಅಕ್ಟೋಬರದಿಂದ ಆರ್ಮರ್ಡ್ ವೆಹಿಕಲ್ಸ್ ನಿಗಮದ ಕೈಯಾಗ ಐತಿ. ಚಾಸಿ ನಂಬರ್ ಬರದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ರ ಫೀ 10 ರೂಪಾಯಿ. ಉತ್ತರ ಬರಬಹುದು, ಬರದೇನೂ ಇರಬಹುದು. ಒಂದು ಮಿರ್ಚಿ ಭಜಿ ಬಿಟ್ರ ಆತು.

(3/3)
ಈಗ ನನ್ನ ಖರೆ ಸಿಟ್ಟು. 2021ರ ಜುಲೈದಾಗ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ನಿಯಮ ತಂತು. 50 ವರ್ಷ ದಾಟಿದ ಗಾಡಿ, 20,000 ರೂಪಾಯಿ ಶುಲ್ಕ, 'ವಿಎ' ಅಂತ ಬ್ಯಾರೆ ನಂಬರ್. ಆದ್ರ ಯಾವುದಕ್ಕ? ದ್ವಿಚಕ್ರ ವಾಹನಕ್ಕ ಮತ್ತ ಕಾರಿನ ವರ್ಗಕ್ಕ ಅಷ್ಟ. ಲಾರಿ ಅದರಾಗ ಬರಂಗೇ ಇಲ್ಲ. ಅಂದ್ರ ಮಹಾರಾಜರ ಕಾರು ಪರಂಪರೆ, ಜವಾನರಿಗೆ ರೇಷನ್ ಹೊತ್ತ ಲಾರಿ ಗುಜರಿ! (ರಿಟನ್ ಡೌನ್ ವ್ಯಾಲ್ಯೂ ಪದ್ಧತಿಯೊಳಗ ಸವಕಳಿ ಎಷ್ಟು ತಗದ್ರೂ ಬೆಲೆ ಸೊನ್ನೆ ಆಗಂಗಿಲ್ಲ ಅಂತ ನಮ್ಮ ಬಿಕಾಂ ಪುಸ್ತಕಾನ ಹೇಳ್ತೈತಿ. ಸರ್ಕಾರ ಸೊನ್ನೆ ಮಾಡಿ ತೋರಿಸೈತಿ.)

ಗುಜರಿಗೆ ಹಾಕೋ ಮಾಲಕರನ್ನ ಬೈಬ್ಯಾಡ್ರಿ. ಅವರಿಗೆ ಶೆಡ್ಡಿನ ಜಾಗ ಬೇಕು, ರೊಕ್ಕ ಬೇಕು. ನಿಯಮದಾಗ ಲಾರಿ ಸೇರಸ್ರಿ ಅಂತ ಕೇಳಬೇಕಾದವರು ನಾವು. ಕೇಳಕ್ಕ ಹೋದಾಗ ಕೈಯಾಗ ಏನಿರ್ತೈತಿ? "ಕಾರ್ಗಿಲ್ ಗಾಡಿ" ಅನ್ನೋ ರೀಲ್? ಮಂದಿ ನಗ್ತಾರ.

ಶಕ್ತಿಮಾನ್ ಓಡಿಸಿ ರಿಟೈರ್ ಆದವರು ನಮ್ಮ ಊರುಗಳಾಗ ಇನ್ನೂ ಅದಾರ. ಬಸ್ ಸ್ಟ್ಯಾಂಡ್ ಮುಂದ ಚಹಾ ಕುಡಿಯೋ ಮಿಲಿಟರಿ ಅಜ್ಜಾರನ್ನ "ಎಷ್ಟು ಮಂದೀನ ಹೊಡದ್ರಿ?" ಅಂತ ಕೇಳೋದು ಬಿಡ್ರಿ. "ಅಜ್ಜಾರ, ಘಾಟಿನಾಗ ಇದರ ಗೇರ್ ಹೆಂಗ ಬೀಳತಿತ್ತರಿ?" ಅಂತ ಕೇಳ್ರಿ, ರೆಕಾರ್ಡ್ ಮಾಡ್ರಿ.

ಕಿತ್ತೂರು, ಸವದತ್ತಿ ಕಡೆ ನಿಂತ ಗಾಡಿ ಇದ್ರ ಮಾಲಕರನ್ನ ಕೇಳಿ ಪ್ಲೇಟಿನ ಫೋಟೋ ತಗದು ಡಿಎಂ ಮಾಡ್ರಿ. ಈಗ ಸೇವೆಯೊಳಗಿರೋ ಸೈನ್ಯದ ಗಾಡಿ ನಂಬರ್ ಮಾತ್ರ ಎಲ್ಲೂ ಹಾಕಬ್ಯಾಡ್ರಿ. ಮತ್ತ 1965 ಅಂತ ಬರದವರು, ಮೊದಲ ಆ ಕ್ಯಾಪ್ಶನ್ ತಗೀರಿ.