ಹಾಳೆ ತಟ್ಟೆಯೂ ಹಸಿರು ಚೀಲವೂ



ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದ ನಾವು ದಾರಿಯಲ್ಲಿ ಮುನವಳ್ಳಿ ಪೇಟೆಯಲ್ಲಿ ಇಳಿದೆವು. ಮಲಪ್ರಭೆಯ ದಂಡೆಯ ಆ ಊರು ಜೋಳ, ಹತ್ತಿ, ಕಬ್ಬಿನ ಸೀಮೆ. ಅಲ್ಲಿಯ ಅಂಗಡಿಯೊಂದರಲ್ಲಿ ಅಡಿಕೆ ಹಾಳೆಯ ತಟ್ಟೆಗಳ ಕಟ್ಟು ಕಂಡು ಹಿಗ್ಗಿದೆವು. ಅಂಗಡಿಕಾರರು ಪಕ್ಕದ ಹಸಿರು ಚೀಲ ತೋರಿಸಿ, "ಇದೂ ಮಣ್ಣಾಗ ಕರಗತೈತಿ ಅಂತ ಬರದಾರ್ರೀ. ನಮ್ಮ ತಿಪ್ಪಿಗೆ ಹಾಕಿದ್ರ ಕರಗತೈತೇನು?" ಎಂದು ಕೇಳಿದರು.

ಪ್ರಶ್ನೆ ನ್ಯಾಯವಾದದ್ದು. 2016ರಲ್ಲಿ ನಮ್ಮ ರಾಜ್ಯವೂ 2022ರ ಜುಲೈ 1ರಿಂದ ಇಡೀ ದೇಶವೂ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನುಗಳನ್ನು ನಿಷೇಧಿಸಿದ ಮೇಲೆ ಇಂಥ ಚೀಲಗಳು ಪೇಟೆಗೆ ನುಗ್ಗಿವೆ. ಮೆಕ್ಕೆಜೋಳದ ಪಿಷ್ಟದಿಂದಲೋ ಕಬ್ಬಿನ ಸಕ್ಕರೆಯಿಂದಲೋ ತಯಾರಾಗುವ ಪಾಲಿಲ್ಯಾಕ್ಟಿಕ್ ಆಮ್ಲದ ಪ್ಲಾಸ್ಟಿಕ್ ಗೊಬ್ಬರವಾಗುವುದು ಸುಳ್ಳಲ್ಲ. ಆದರೆ ಅದನ್ನು ಪರೀಕ್ಷಿಸುವುದು ಸುಮಾರು 58 ಡಿಗ್ರಿ ಶಾಖ ಕಾಯ್ದುಕೊಂಡ ಗೊಬ್ಬರದಲ್ಲಿ. ಊರ ತಿಪ್ಪೆಯಲ್ಲಿ ಅಷ್ಟು ಶಾಖ ತಿಂಗಳುಗಟ್ಟಲೆ ನಿಲ್ಲದು. ಚರಂಡಿಯ ಮಾತು ಬೇಡ. ಐಎಸ್ 17088 ಗುರುತಿಲ್ಲದ ಚೀಲವನ್ನಂತೂ ನಂಬಲಾಗದು. ಇಷ್ಟನ್ನು ಅವರಿಗೆ ಹೇಳಿದೆವು. (ಕಾಫಿ ಸಸಿಗಳನ್ನು ಪಾಲಿಥೀನ್ ಚೀಲದಲ್ಲೇ ಬೆಳೆಸುವ ನಾವು ಇದನ್ನು ಹೇಳುವಾಗ ತುಸು ನಾಚಿದ್ದೂ ಉಂಟು.)

ಹಾಳೆಯ ಕಥೆ ಬೇರೆ. ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟು ಬೇಡ, ಲೇಪ ಬೇಡ. ಉಂಡಾದ ಮೇಲೆ ಸಗಣಿಯೊಂದಿಗೆ ತಿಪ್ಪೆ ಸೇರಿದರೆ ತಾನೇ ಕೊಳೆಯುತ್ತದೆ.

ಆದರೆ ಈ ಹೆಮ್ಮೆಗೆ ಒಂದು ಪೆಟ್ಟು ಬಿದ್ದಿದೆ. ಹಾಳೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ಹೇಳಿ, ಈ ತಟ್ಟೆಗಳನ್ನು ಊಟಕ್ಕೆ ಬಳಸಲು ಅನುಮತಿಯಿಲ್ಲವೆಂದು ತಿಳಿಸಿತು. ಇದು ಪ್ಲಾಸ್ಟಿಕ್ ಕಂಪನಿಗಳ ಪಿತೂರಿಯೆಂದು ನಮ್ಮಲ್ಲಿ ಕೆಲವರು ಕೂಗಾಡುತ್ತಿದ್ದಾರೆ. ನಮಗೆ ಅದು ಒಪ್ಪಿಗೆಯಿಲ್ಲ. ತಲೆಮಾರುಗಳಿಂದ ಹಾಳೆಯಲ್ಲಿ ಉಂಡಿದ್ದೇವೆಂಬುದು ಪ್ರಯೋಗಶಾಲೆಯ ಉತ್ತರವಾಗದು. ಬಿಸಿ ಸಾರು ಅರ್ಧ ಗಂಟೆ ನಿಂತರೆ ಎಷ್ಟು ಅರೆಕೋಲಿನ್ ಇಳಿಯುತ್ತದೆ, ಹೆಚ್ಚು ಹೊತ್ತು ನೆನೆಸಿದರೆ ಅದು ತಗ್ಗುತ್ತದೆಯೇ, ಇವುಗಳನ್ನು ಅಳೆಯಲು ಸಾಧ್ಯ. ವಿಟ್ಲದಲ್ಲಿ ತೋಟಗಾರಿಕೆ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ನಮ್ಮ ಸದಸ್ಯರ ಘಟಕಗಳ ತಟ್ಟೆಗಳನ್ನು ಅಲ್ಲಿಯ ವಿಜ್ಞಾನಿಗಳ ಸಲಹೆಯಂತೆ ಪರೀಕ್ಷೆಗೆ ಕಳುಹಿಸಿ, ವೆಚ್ಚವನ್ನು ಸಂಘವೇ ಭರಿಸಬೇಕು. ಫಲಿತಾಂಶ ಅನುಕೂಲವಾಗಿರಲಿ, ಪ್ರತಿಕೂಲವಾಗಿರಲಿ, ಇದೇ ಪತ್ರಿಕೆಯಲ್ಲಿ ಅಚ್ಚಾಗಬೇಕು. ಮುಂದಿನ ಮಹಾಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇವೆ.