ಆರೋಗ್ಯವಿಚಾರ: ಮುಪ್ಪಿನ ನಿದ್ರೆಯೂ ಮೈಯ ತೂಕವೂ

ಉಂಡು ಮಲಗುವವನು ಕೊಬ್ಬುವನೆಂಬುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ಕುಂಭಕರ್ಣನ ಹೊಟ್ಟೆಯನ್ನೂ ನಿದ್ರೆಯನ್ನೂ ನಾವು ಬೇರೆಬೇರೆಯಾಗಿ ನೆನೆಯುವುದೇ ಇಲ್ಲ. ಆದುದರಿಂದ ಮನೆಯ ಹಿರಿಯರು ವಯಸ್ಸು ಕಳೆದಂತೆ ಸ್ಥೂಲರಾಗುತ್ತ ಬಂದು, ಮಧ್ಯಾಹ್ನ ಪತ್ರಿಕೆಯನ್ನು ಕೈಯಲ್ಲಿ ಹಿಡಿದಂತೆಯೇ ಆರಾಮಕುರ್ಚಿಯಲ್ಲಿ ತೂಕಡಿಸಿ, ರಾತ್ರಿ ಪಕ್ಕದ ಕೋಣೆಗೆ ಕೇಳುವಂತೆ ಗೊರಕೆ ಹೊಡೆದರೆ, "ಅಪ್ಪನವರಿಗೇನು, ಚಿಂತೆಯಿಲ್ಲದ ನಿದ್ರೆ, ಅದಕ್ಕೇ ಮೈ ಬಂದಿದೆ" ಎಂದು ಮಕ್ಕಳು ತೀರ್ಮಾನಿಸಿಬಿಡುತ್ತಾರೆ. ಮರುದಿನದಿಂದ ತುಪ್ಪದ ಮಿಳ್ಳೆ ಅವರ ಎಲೆಯ ಬಳಿಗೆ ಬರುವುದು ನಿಲ್ಲುತ್ತದೆ. ಈ ತೀರ್ಪು ಅನೇಕ ವೇಳೆ ತಲೆಕೆಳಗಾದುದು. ಆ ಹಿರಿಯರು ಹೆಚ್ಚು ನಿದ್ರಿಸಿ ಸ್ಥೂಲರಾದವರಲ್ಲ, ರಾತ್ರಿ ನಿದ್ರೆಯೇ ದೊರೆಯದೆ ಸೊರಗಿದವರಾಗಿರಬಹುದು.

ನಿದ್ರೆಗೂ ಮೈಯ ತೂಕಕ್ಕೂ ಸಂಬಂಧವುಂಟೆಂಬುದು ಹೊಸ ಮಾತಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲರನ್ನೂ ಅತಿಕೃಶರನ್ನೂ ಕುರಿತು ಹೇಳಿ, ಅಲ್ಲಿಯೇ ನಿದ್ರೆಯ ವಿಚಾರವನ್ನೂ ಎತ್ತಿಕೊಂಡಿದೆ. ಹಗಲುನಿದ್ರೆ ಸ್ಥೂಲರಿಗೆ ಸಲ್ಲದು, ವೃದ್ಧರಿಗೆ ಸಲ್ಲುವುದು ಎಂಬ ವಿವೇಚನೆಯೂ ಅಲ್ಲಿದೆ. ಅತಿನಿದ್ರೆಯಿಂದ ಮೈ ಬೆಳೆಯುವುದನ್ನು ಪ್ರಾಚೀನರು ಕಂಡಿದ್ದರು. ನಿದ್ರೆಯ ಕೊರತೆಯಿಂದಲೂ ಹಾಗಾಗಬಹುದೆಂದು ಈಚಿನ ವೈದ್ಯರು ತೋರಿಸಿದ್ದಾರೆ.

ಹಸಿವೆಂಬುದು ಬರಿದಾದ ಹೊಟ್ಟೆಯೊಂದರಿಂದಲೇ ಹುಟ್ಟುವುದಲ್ಲ. ಮೈಯ ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಎಂಬ ರಸವು ಮಿದುಳಿಗೆ "ಸಾಕು" ಎನ್ನುತ್ತದೆ; ಜಠರದಿಂದ ಹೊರಡುವ ಗ್ರೆಲಿನ್ ಎಂಬುದು "ಬೇಕು" ಎನ್ನುತ್ತದೆ. 2004ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ವೈದ್ಯರು 12 ಮಂದಿ ತರುಣರನ್ನು ಎರಡು ರಾತ್ರಿ 4 ಗಂಟೆ ಮಾತ್ರ, ಇನ್ನೊಮ್ಮೆ ಎರಡು ರಾತ್ರಿ 10 ಗಂಟೆ ಮಲಗಿಸಿ ಪರೀಕ್ಷಿಸಿದರು. ನಿದ್ರೆಗೆಟ್ಟಾಗ "ಸಾಕು" ಎನ್ನುವ ರಸವು ನೂರಕ್ಕೆ 18ರಷ್ಟು ಕುಗ್ಗಿತ್ತು. "ಬೇಕು" ಎನ್ನುವುದು ನೂರಕ್ಕೆ 28ರಷ್ಟು ಹೆಚ್ಚಿತ್ತು. ಸಿಹಿಯ ಮೇಲೆಯೂ ಉಪ್ಪುತಿಂಡಿಗಳ ಮೇಲೆಯೂ ಆಸೆ ಬೆಳೆದಿತ್ತು. ನಿದ್ರೆಗೆಟ್ಟವರು ಡಬ್ಬಿಯಲ್ಲಿಟ್ಟ ಚಕ್ಕುಲಿಗೆ ಕೈಹಾಕಿದರೆ ಅದೆಲ್ಲವೂ ಚಾಪಲ್ಯವೆನ್ನಲಾಗದು.

ಅದೇ ವಿಶ್ವವಿದ್ಯಾನಿಲಯದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಹಿರಿಯರಿರುವ ಮನೆಗಳಿಗೆ ಹೆಚ್ಚು ಮುಖ್ಯವಾದುದು. ತೂಕ ಹೆಚ್ಚಿದ್ದ 10 ಮಂದಿ ನಡುವಯಸ್ಕರಿಗೆ ಎರಡು ವಾರ ಮಿತಾಹಾರ ಕೊಟ್ಟು, ಒಮ್ಮೆ ರಾತ್ರಿಗೆ 8½ ಗಂಟೆಯೂ ಮತ್ತೊಮ್ಮೆ 5½ ಗಂಟೆಯೂ ಮಲಗಲು ಬಿಟ್ಟರು. ಎರಡು ಸಲವೂ ತೂಕ ಸುಮಾರು 3 ಕಿಲೋ ಇಳಿಯಿತು. ಆದರೆ ಚೆನ್ನಾಗಿ ಮಲಗಿದಾಗ ಕರಗಿದ ಕೊಬ್ಬು 1.4 ಕಿಲೋ, ನಿದ್ರೆ ಕಡಿಮೆಯಾದಾಗ 0.6 ಕಿಲೋ ಮಾತ್ರ. ಉಳಿದ ನಷ್ಟವೆಲ್ಲ ಮಾಂಸಖಂಡವೇ ಮೊದಲಾದ ಕೊಬ್ಬಲ್ಲದ ಭಾಗದಲ್ಲಿ ಆಯಿತು. ಪರೀಕ್ಷೆಗೊಳಗಾದವರು ವೃದ್ಧರಲ್ಲ, ನಿಜ. ಆದರೆ ಮುಪ್ಪಿನಲ್ಲಿ ಮಾಂಸಖಂಡವು ತಾನಾಗಿಯೇ ಕ್ಷೀಣಿಸುತ್ತಿರುತ್ತದೆ, ಗಾಢನಿದ್ರೆಯೂ ಕಡಿಮೆಯಾಗುತ್ತದೆ. ಅಂಥವರ ನಿದ್ರೆಯನ್ನು ವಿಚಾರಿಸದೆ ಅನ್ನವನ್ನು ಮಾತ್ರ ಕಡಿಮೆಮಾಡಿದರೆ, ತಕ್ಕಡಿಯ ಮುಳ್ಳು ಇಳಿದೀತು. ಅದರೊಡನೆ ಮೆಟ್ಟಿಲು ಹತ್ತುವ ಕಾಲಿನ ಬಲವೂ ಇಳಿದೀತು.

ಇನ್ನು ಗೊರಕೆಯ ಮಾತು. ಮಲಗಿದಾಗ ಗಂಟಲು ಸಡಿಲವಾಗುವುದು ಸಹಜ. ಕತ್ತಿನಲ್ಲಿಯೂ ನಾಲಗೆಯ ಬುಡದಲ್ಲಿಯೂ ಕೊಬ್ಬು ಸೇರಿದ್ದರೆ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. ಗೊರಕೆ ಥಟ್ಟನೆ ನಿಂತು, ಹತ್ತು ಸೆಕೆಂಡೋ ಇನ್ನೂ ಹೆಚ್ಚೋ ನಿಶ್ಶಬ್ದವಾಗಿದ್ದು, ಬಳಿಕ ಉಸಿರುಗಟ್ಟಿದವರಂತೆ ಬೆಚ್ಚಿ ಮತ್ತೆ ಗೊರೆಯುವುದು ಇದರ ಗುರುತು. ಗಂಟೆಗೆ 30 ಸಲ ಹೀಗಾಗುವವರೂ ಉಂಟು. ಬೆಳಗ್ಗೆ ಅವರಿಗೆ ಅದರ ನೆನಪಿರದು. ತಲೆನೋವು, ಬಾಯಿ ಒಣಗುವುದು, ಹಗಲೆಲ್ಲ ತೂಕಡಿಕೆ ಇವು ಮಾತ್ರ ಉಳಿಯುತ್ತವೆ. ದಣಿದ ಮೈ ನಡೆದಾಡಲೊಲ್ಲದು. ನಡೆಯದ ಮೈ ಮತ್ತಷ್ಟು ಬೆಳೆಯುತ್ತದೆ. ಬೆಳೆದ ಮೈ ಮತ್ತಷ್ಟು ಉಸಿರು ಕಟ್ಟಿಸುತ್ತದೆ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಶೋಧನೆಯಲ್ಲಿ, ತೂಕ ನೂರಕ್ಕೆ 10ರಷ್ಟು ಏರಿದರೆ ಈ ತೊಡಕು ನೂರಕ್ಕೆ 32ರಷ್ಟು ಏರುವುದೆಂದೂ, ಅಷ್ಟೇ ಇಳಿದರೆ ನೂರಕ್ಕೆ 26ರಷ್ಟು ಇಳಿಯುವುದೆಂದೂ ಕಂಡುಬಂತು. ಕೃಶರಿಗೂ ಇದು ಬರಬಹುದು. ರಕ್ತದೊತ್ತಡಕ್ಕೂ ಹೃದಯದ ಬೇನೆಗೂ ಇದು ದಾರಿಯಾದುದರಿಂದ ವೈದ್ಯರಿಗೆ ತೋರಿಸತಕ್ಕದ್ದು. ಮೂಗಿನ ಮುಸುಕಿನ ಮೂಲಕ ಗಾಳಿಯನ್ನೊತ್ತಿ ದಾರಿ ತೆರೆದಿರಿಸುವ ಯಂತ್ರವನ್ನು ಆಸ್ಟ್ರೇಲಿಯದ ಕಾಲಿನ್ ಸಲಿವನ್ ಎಂಬ ವೈದ್ಯರು 1981ರಲ್ಲಿ ಬಳಕೆಗೆ ತಂದರು. ಅದು ನಿದ್ರೆಯನ್ನು ಕೊಡುತ್ತದೆ; ಮೈಯನ್ನು ತಾನೇ ಇಳಿಸದು.

ಗೃಹಸ್ಥರು ಮಾಡಬಹುದಾದುದು ಕಷ್ಟದ್ದೇನಲ್ಲ. ಅರುವತ್ತೈದು ದಾಟಿದವರಿಗೂ 7-8 ಗಂಟೆಯ ನಿದ್ರೆ ಬೇಕು. ಮುದುಕರಿಗೆ ನಾಲ್ಕು ಗಂಟೆ ಸಾಕೆಂಬುದು ತಪ್ಪು. ಏಳುವ ಹೊತ್ತು ದಿನವೂ ಒಂದೇ ಇರಲಿ. ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ನಡೆಯಲಿ. ಹಗಲುನಿದ್ರೆ ಅರ್ಧ ಗಂಟೆಗೆ ಮೀರದೆ ಮೂರು ಗಂಟೆಯೊಳಗೆ ಮುಗಿಯಲಿ. ಸಂಜೆಯ ಕಾಫಿಯನ್ನು ಬಿಡಲಿ. ರಾತ್ರಿಯ ಊಟ ಹಗುರಾಗಿದ್ದು, ಮಲಗುವುದಕ್ಕೆ ಎರಡು ಗಂಟೆ ಮೊದಲೇ ಆಗಲಿ. ಅನ್ನ ಸಕ್ಕರೆಗಳನ್ನು ತಗ್ಗಿಸಿದರೂ ಬೇಳೆ, ಕಾಳು, ಮೊಸರುಗಳನ್ನು ತಗ್ಗಿಸಬಾರದು. ನಿದ್ರೆಯ ಗುಳಿಗೆಯನ್ನು ತಾವಾಗಿಯೇ ಕೊಂಡು ನುಂಗುವುದು ಕೂಡದು. ಅದರ ಮಂಪರಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರುಂಟು. ಪ್ರಯತ್ನವಿಲ್ಲದೆಯೇ ಒಂದು ವರ್ಷದೊಳಗೆ ತೂಕ ನೂರಕ್ಕೆ 5ರಷ್ಟು, ಎಂದರೆ 60 ಕಿಲೋ ಇದ್ದವರಿಗೆ 3 ಕಿಲೋ, ಇಳಿದರೆ ಸಂತೋಷಪಡದೆ ವೈದ್ಯರನ್ನು ಕಾಣಬೇಕು.

ಇವೆಲ್ಲಕ್ಕೂ ಮೊದಲು, ಒಂದು ರಾತ್ರಿ ಯಾರಾದರೂ ಆ ಹಿರಿಯರ ಮಂಚದ ಬಳಿ ಅರ್ಧ ಗಂಟೆ ಎಚ್ಚರವಾಗಿ ಕುಳಿತು ಅವರ ಉಸಿರನ್ನು ಕೇಳಿರಿ. ತುಪ್ಪದ ಮಿಳ್ಳೆಯ ವಿಚಾರವನ್ನು ಆಮೇಲೆ ನಿಶ್ಚಯಿಸಬಹುದು.